ಪಕ್ಕದ ಸೀಟಿನ ತೂಕ

ಮನೆ ಮಾರಿ ದುಡ್ಡು ಹಂಚಿಕೊಂಡೆವು.
ನಾಯಿ ಅವನ ಕಡೆ ಹೋಯಿತು, ಹೊಲಿಗೆ ಯಂತ್ರ ನನ್ನ ಕಡೆ.
ಉಳಿದದ್ದು ಡ್ರಾಯಿಂಗ್ ಹಾಳೆಯ ಮೇಲೊಂದು ವಿಮಾನ,
ರೆಕ್ಕೆ ಅರ್ಧ, ಬಾಲ ಇನ್ನೂ ಪೆನ್ಸಿಲ್ಲಿನಲ್ಲಿ.
ಹೊದೊನೀನ್ ಕೋರ್ಟಿನ ಗುಮಾಸ್ತೆ ಕೇಳಿದಳು: ಇದರ ಬೆಲೆ?
ಇಬ್ಬರೂ ಒಟ್ಟಿಗೇ ಹೇಳಿದೆವು: ಸದ್ಯಕ್ಕೆ ಏನೂ ಇಲ್ಲ.
ಆ ವರ್ಷ ನಾವು ಒಪ್ಪಿದ್ದು ಅದೊಂದೇ ಮಾತು.

ಹಾಗಾಗಿ ಪ್ರತಿ ಶನಿವಾರ
ಮೊರಾವಾ ನದಿಯ ಈಚೆ ದಂಡೆಯಲ್ಲಿ,
ಹಿಂದೆ ಬೀಟ್‌ಗೆಡ್ಡೆ ರಾಶಿ ಹಾಕುತ್ತಿದ್ದ ಕೊಟ್ಟಿಗೆಗೆ
ವ್ರಾತಿಸ್ಲಾವ್ ಒಂದು ಬಾಗಿಲಿಂದ ಬರುತ್ತಿದ್ದ,
ನಾನು ಇನ್ನೊಂದರಿಂದ.

ಮೊದಲ ಜಗಳ ಸೀಟಿನದು.
"ಒಂದರ ಹಿಂದೊಂದು," ಅಂದ. "ಒಡಲು ಸಪೂರ,
ಗಾಳಿಗೆ ಕಟ್ಟುವ ಸುಂಕ ಕಡಿಮೆ,
ಇದೇ ಎಂಜಿನ್ನಿಗೆ ಗಂಟೆಗೆ ಹನ್ನೆರಡು ಕಿಲೋಮೀಟರು ಹೆಚ್ಚು."
ಲೆಕ್ಕ ಸರಿ ಇತ್ತು. ಅವನ ಲೆಕ್ಕ ಯಾವತ್ತೂ ಸರಿ.
"ಹತ್ತೊಂಬತ್ತು ವರ್ಷ ನಿನ್ನ ಹೆಡಕು ನೋಡಿದ್ದೇನೆ," ಅಂದೆ.
"ಪಕ್ಕಪಕ್ಕ ಇರಲಿ."
ರೆಕ್ಕೆಗೆ ಬಟ್ಟೆ ಹೊಲಿಯಲು ಬಂದಿದ್ದ ಹೆದ್ವಿಕಾ
ಮೇಣದ ದಾರ ಕಚ್ಚಿಕೊಂಡೇ ನಕ್ಕಳು.

ಪಕ್ಕ ಎಂದರೆ ಎಷ್ಟು ಪಕ್ಕ?
ಅಡುಗೆಮನೆಯ ಎರಡು ಕುರ್ಚಿ ಜೋಡಿಸಿ ಕೂತು ಅಳೆದೆವು,
ಕೋಟು ಹಾಕಿಕೊಂಡು ಒಮ್ಮೆ, ಬಿಚ್ಚಿಟ್ಟು ಒಮ್ಮೆ.
ಹೆಗಲು ತಾಗದಿರಲು ನೂರಾ ಹದಿನೆಂಟು ಸೆಂಟಿಮೀಟರು ಬೇಕು.
ನೂರಾ ನಾಲ್ಕರ ಮೇಲೆ ಕೂದಲೆಳೆಯಷ್ಟೂ ಕೊಡಲಾರೆ
ಎಂದು ಗಾಳಿ ಕಡ್ಡಿ ಮುರಿದಂತೆ ಹೇಳಿತು.
ಕೊನೆಗೆ ನನ್ನ ಸೀಟನ್ನು ಗೇಣು ಹಿಂದಕ್ಕೆ ಸರಿಸಿದ,
ಅವನ ಹೆಗಲು ನನ್ನ ಹೆಗಲ ಮುಂದಕ್ಕೆ ಉಳಿಯುವಂತೆ.
ಇಷ್ಟು ಸಣ್ಣ ಉಪಾಯ
ಮನೆಯಲ್ಲಿದ್ದಾಗ ಯಾಕೆ ಹೊಳೆಯಲಿಲ್ಲವೋ.

ನಾನು ಗೇಣು ಸರಿದದ್ದಕ್ಕೆ
ಬ್ಯಾಟರಿ ಎರಡು ಅಡಿ ಮುಂದೆ ಹೋಯಿತು.
ಭಾರಕೇಂದ್ರದ ನಿಯಮ ಅವನು ಗೋಡೆಗೆ ಬರೆದಿದ್ದ, ಸೀಮೆಸುಣ್ಣದಲ್ಲಿ:
ಪಕ್ಕದವರು ಇದ್ದರೂ, ಇಳಿದುಹೋದರೂ
ಮೂಗು ಏಳಬಾರದು, ಬಾಲ ಬೀಳಬಾರದು.
ಓದಿದೆ. ಏನೂ ಅನ್ನಲಿಲ್ಲ.
ಚಹಾ ಆರುವವರೆಗೆ ಉಪ್ಪುಕಾಗದ ತಿಕ್ಕಿದೆ.

ಆಮೇಲೆ ಗ್ರಾಮುಗಳ ಕಾಲ.
ಪಕ್ಕೆಲುಬುಗಳಿಗೆಲ್ಲ ತೂತು ಕೊರೆದೆವು,
ಬಣ್ಣ ಒಂದೇ ಕೈ, ನಕ್ಷೆ ಇಡುವ ಪೆಟ್ಟಿಗೆ ಬೇಡ.
ಪ್ಯಾರಾಶೂಟಿನ ಹನ್ನೊಂದು ಕೆಜಿಯ ಬಗ್ಗೆ ಮಾತ್ರ ಚೌಕಾಸಿ ಇಲ್ಲ.
ಹಿಂದಿನ ಗೂಡಲ್ಲಿ ಅದು ರಾಕೆಟ್ಟು ತಬ್ಬಿ ಮಲಗಿರುತ್ತದೆ,
ಎಳೆದರೆ ಇಡೀ ವಿಮಾನ ಒಂದೇ ಕೊಡೆಗೆ ಜೋತು ಬೀಳುತ್ತದೆ.
ಒಳಗಿದ್ದವರು ಬೇರೆಬೇರೆ ಇಳಿಯುವ ಅನುಕೂಲ ಇಲ್ಲ.

ರೆಕ್ಕೆಯನ್ನು ಅಂಗಾತ ಮಲಗಿಸಿ
ನದಿಮರಳಿನ ಚೀಲ ಹೇರಿದೆವು, ತುದಿಯಿಂದ ಬುಡದವರೆಗೆ.
ಬಾಗಿತು. ಕಿರ್ ಅಂದಿತು.
ಮೂರು ಸೆಕೆಂಡು ತಾಳಬೇಕು, ಅಷ್ಟೇ ಕಾನೂನು.
ಹೆದ್ವಿಕಾ ಎಣಿಸಿದಳು.
ನಾವಿಬ್ಬರು ಒಂದೇ ಕಡೆ ನಿಂತಿದ್ದೇವೆಂದು ತಿಳಿದದ್ದು
ಅವಳು ಹತ್ತು ಅಂದಮೇಲೆ.

ಮೇ ತಿಂಗಳು, ಹುಲ್ಲಿನ ಮೇಲೆ ಇಬ್ಬನಿ,
ಓಟದಾರಿಯ ನಡುವೆ ಒಂದು ಮೊಲ, ಏಳಲು ಮನಸ್ಸಿಲ್ಲದೆ.
ಮೊದಲ ಮೂರು ಹಾರಾಟ ಅವನೊಬ್ಬನೇ.
ನಾಲ್ಕನೆಯದಕ್ಕೆ ಪಕ್ಕದ ಸೀಟಿಗೆ ಮರಳು.
ನನ್ನನ್ನು ಕೇಳದೆಯೇ ತೂಗಿ ಕಟ್ಟಿದ್ದ:
ಅರವತ್ತೆರಡು ಕೆಜಿ.
"ಹಳೆಯ ಲೆಕ್ಕ," ಅಂದೆ. "ಈಗ ಅರವತ್ತಾರು."
ಅವನು ನಾಲ್ಕು ಕೆಜಿ ಸುರಿದ, ತಲೆ ಎತ್ತದೆ,
ಚೀಲದ ಸೊಂಟಕ್ಕೆ ಬೆಲ್ಟು ಬಿಗಿದ,
ಒಮ್ಮೆ ಎಳೆದು ನೋಡಿದ.

ಸಾಸಿವೆಹಳದಿಯ ಹೊಲಗಳ ಮೇಲೆ ಎರಡು ಸುತ್ತು,
ನದಿ ತಿರುಗುವಲ್ಲಿ ಒಂದು ದೊಡ್ಡ ಓರೆ.
ಕೆಳಗೆ ನಿಂತು ನನ್ನ ತೂಕ ಹಾರುವುದನ್ನು ನೋಡಿದೆ.

ಇಳಿದ ಮೇಲೆ ಕೇಳಿದೆ: ಹೇಗಿತ್ತು?
"ತುಸು ಎಡಕ್ಕೆ ಎಳೆಯುತ್ತೆ."
ಯಾರು?
"ವಿಮಾನ," ಅಂದ.

ಚೀಲ ಎಲ್ಲೋ ಹರಿದಿತ್ತು. ಗುಡಿಸಿದೆ, ಒದ್ದೆಬಟ್ಟೆಯಲ್ಲಿ ಒರೆಸಿದೆ.
ಮುಂದಿನ ಶನಿವಾರ ಗಾಳಿ ಪಡುವಣದಿಂದಂತೆ, ಹದವಾಗಿರುತ್ತಂತೆ.
ಸೀಟಿನ ಹೊಲಿಗೆಯಲ್ಲಿ ಇನ್ನೂ ಕೂತಿದೆ ಮರಳು,
ಬೆರಳಿಗೆ ಹತ್ತುತ್ತದೆ,
ತಕ್ಕಡಿಗೆ ಸಿಗುವುದಿಲ್ಲ.