ಗಿರಣಿ ಚೌಕದಾಗ ಸುಗಲಾ ಅತ್ತಿ

ಬಂಗಾರದ ಬಣ್ಣಲ್ಲ ಅತ್ತಿ, ಖರೇನ ಬಂಗಾರದ ಹಾಳಿ
ಹಚ್ಚ್ಯಾರಂತ, ಅಂದೆ. ನಂಬಲಿಲ್ಲ.
ಮಂಗಳಾರ ಕರೆಂಟ್ ಇರೂದಿಲ್ಲ, ಮಗ್ಗ ಬಂದ್.
ದಸ್ತಗೀರನ ರಿಕ್ಷಾದಾಗ ಕುಂದರಿಸಿಕೊಂಡು ಹೊಂಟೆ
ಸೊಲ್ಲಾಪುರದ ಆ ತುದಿಗೆ.
ಗಿರಣಿ ಇದ್ದಲ್ಲಿ ಈಗ ಮೂರು ಮಾಳಿಗಿ ಅಂಗಡಿ.
ಇರದ ಚಿಮಣಿಗೆ ಬೆರಳು ಮಾಡಿ
ಆಕಿ ದಾರಿ ಹೇಳತಿದ್ದಳು: ಎಡಕ್ಕ ತಗೋ.

ನಿಂತಿತ್ತು.
ಹನ್ನೆರಡು ಫೂಟಿನ ಹೆಂಗಸು, ಕಚ್ಚಿ ಹಾಕಿದ ಸೀರಿ,
ಎತ್ತಿದ ಬಲಗೈಯಾಗ ಒಂದು ಕುಕಡಿ,
ಊರಿಗೆಲ್ಲಾ ಮಶಾಲು ತೋರಿಸಿಧಂಗ.
ನಾಕರ ಬಿಸಿಲು ಮೊಣಕಾಲಿಗೆ ಬಡದು
ನಮ್ಮ ಕಣ್ಣಿಗೆ ಚುಚ್ಚತಿತ್ತು.

ಅತ್ತಿ ಚಪ್ಪಲಿ ಬಿಟ್ಟಳು. ಆಮ್ಯಾಲ
ಏನನಿಸಿತೋ, ಮತ್ತ ಮೆಟ್ಟಿಕೊಂಡಳು.

ಸುತ್ತ ಒಂದು ಸುತ್ತು ಹಾಕಿ
ಕೈ ನೋಡಿದಳು, ಕೊರಳು ನೋಡಿದಳು,
ಹೆಣ್ಣು ನೋಡಲಿಕ್ಕೆ ಬಂದವರಂಗ.
"ಕುಕಡಿ ಹಿಂಗ ಎತ್ತಿದ್ರ ಜಾಬರ ಪಗಾರ ಕಡೀತಿದ್ದ.
ತೋರುಬೆರಳು ನೋಡು. ಎಳಿ ಕೊರದ ಗೆರಿ ಎಲ್ಲೈತಿ?"
ತನ್ನ ಬೆರಳು ನನ್ನ ಮುಂದ ಹಿಡಿದಳು.
ಮೂವತ್ತು ವರ್ಷ ಆತು ವೈಂಡಿಂಗ್ ಖಾತೆ ಮುಚ್ಚಿ.
ಗೆರಿ ಮುಚ್ಚಿಲ್ಲ.

ಕೆಳಗಿನ ಕಲ್ಲು ಮರಾಠಿಯೊಳಗ.
"ಏನ ಬರದಾರ?"
ಓದಿದೆ. ಉದ್ಘಾಟನೆ ಮಾಡಿದವರು, ಹಾಜರಿದ್ದವರು,
ಗುತ್ತಿಗೆ ಹಿಡಿದವರು. ಹದಿಮೂರು ಹೆಸರು.
"ಈಕೀ ಹೆಸರು?"
"ಕಾಮಗಾರ."
"ಅದು ಹೆಸರಲ್ಲ" ಅಂದಳು, ಜೋರಾಗಿ, ಕನ್ನಡದಾಗ.
ಕಾವಲಿನವ ಮೊಬೈಲಿನಿಂದ ತಲಿ ಎತ್ತಿದ.

ಕತ್ತೆತ್ತಿ ಭಾಳ ಹೊತ್ತು ಆ ತಲೀ ನೋಡಿದಳು.
ಎಣ್ಣಿ ಹಚ್ಚಿ ಬಾಚಿದಂಥ ಬಂಗಾರ, ಒಂದು ಕೂದಲ ಎದ್ದಿಲ್ಲ.
"ಹತ್ತಿ ಎಲ್ಲೋ?"
"ಯಾವ ಹತ್ತಿ?"
"ಭೋಂಗಾ ಹೊಡೀತಂದ್ರ ಎಲ್ಲಾರೂ
ಬೆಳ್ಳಗ, ಮುದುಕೇರಾಗಿ ಹೊರಗ ಬರತಿದ್ವಿ.
ಗೇಟಿನ್ಯಾಗ ಒಬ್ಬರ ತಲಿ ಒಬ್ಬರು ಝಾಡಿಸಿ
ಮತ್ತ ಹರೇದವರಾಗತಿದ್ವಿ.
ನಮ್ಮ ಅಂಬೂಬಾಯಿ ಅಂತಿದ್ದಳು,
ಒಂದಿನ ಝಾಡಿಸಿದ್ರೂ ಹೋಗಂಗಿಲ್ಲ ನೋಡು ಇದು..."
ಸೆರಗು ಹಿಂದ ಸರದಿತ್ತು.
ನಾ ಅತ್ತಿ ತಲಿ ನೋಡಲಿಲ್ಲ.

ಹೊಂಡೂ ಮುಂದ ಕಟಾಂಜನದ ಸಂದಿನಾಗ ಕೈ ಹಾಕಿ
ಹಿಮ್ಮಡ ಒಂದೀಟು ಮುಟ್ಟಿದಳು.
ರಿಕ್ಷಾದಾಗ ನೋಡಿದ್ರ ಬೆರಳ ಗೆರಿಯೊಳಗ
ಕೂದಲೆಳಿಯಷ್ಟು ಬಂಗಾರ.
ದಸ್ತಗೀರ ಕನ್ನಡಿಯಾಗ ನಕ್ಕ: "ಮೌಸಿ, ಮಾರಬ್ಯಾಡ್ರಿ ಮತ್ತ."
ಅತ್ತಿ ಚಂಚಿ ಬಿಚ್ಚಿ, ಎಲಿ ತಗದು, ಸುಣ್ಣ ಸವರಿ,
ಮಡಚಿ ಬಾಯಿಗಿಟ್ಟಳು.
ಉಳಿದ ಸುಣ್ಣ ವರಸೂ ಹಂಗ
ರಿಕ್ಷಾದ ಸರಳಿಗೆ ಬೆರಳು ವರಸಿದಳು.