ಒಗೆಯುವವಳ ಲೆಕ್ಕ

ಸೋಮವಾರ ಹನ್ನೊಂದು ನಿಲುವಂಗಿ ಮೇಲೆ ಹೋದವು,
ಶನಿವಾರ ಹನ್ನೊಂದೂ ಕೆಳಗೆ ಬಂದವು.
ಲೆಕ್ಕ ಸರಿಯಿತ್ತು. ತಪ್ಪಿದ್ದು ವಾಸನೆ.

ಇಪ್ಪತ್ತೆರಡು ವರ್ಷದಿಂದ ಈ ನೆಲಮಾಳಿಗೆಯಲ್ಲಿದ್ದೇನೆ.
ಆರೋಗ್ಯಧಾಮಕ್ಕೆ ಬಂದವರ ಮುಖ ನಾನು ನೋಡುವುದಿಲ್ಲ,
ಬೆವರು ನೋಡುತ್ತೇನೆ.
ಯಾರು ರಾತ್ರಿಯೆಲ್ಲ ಅತ್ತರು, ಯಾರು ಕದ್ದು ಸಿಗರೇಟು ಸೇದಿದರು,
ಉಪವಾಸದ ನಾಲ್ಕನೇ ದಿನ
ಅಂಗಳದ ಪರ್ಸಿಮನ್ ಕಿತ್ತು ತಿಂದವರು ಯಾರು.
ಹಣ್ಣಿನ ಕಲೆಗೆ ಸುಳ್ಳು ಬರುವುದಿಲ್ಲ.

ಇಲ್ಲಿ ಇಪ್ಪತ್ತೊಂದು ದಿನ ಮಾತಿಲ್ಲ. ಅದೇ ಔಷಧ.
ಫೋನುಗಳೆಲ್ಲ ಡಾಕ್ಟರ್ ವಾಖ್ತಾಂಗರ ಕಬ್ಬಿಣದ ಪೆಟ್ಟಿಗೆಯಲ್ಲಿ.
'ಒಳಗಿನ ಗದ್ದಲ ನಿಂತರೆ ರೋಗ ತಾನಾಗಿ ಹೊರಡುತ್ತದೆ'
ಎಂದು ಗೋಡೆಯ ಮೇಲೆ ನಾಲ್ಕು ಭಾಷೆಯಲ್ಲಿ.
ಹೊರಟದ್ದು ರೋಗವೋ ರೋಗಿಯೋ
ಯಾರೂ ಕೇಳುವ ಹಾಗಿಲ್ಲ. ಮಾತಿಲ್ಲವಲ್ಲ.

ಏಳನೇ ಕೋಣೆಯ ನಿಲುವಂಗಿ.
ಕೊರಳಪಟ್ಟಿಯಲ್ಲಿ ಕೆಂಪು ನೂಲಿನಿಂದ ನಾನೇ ಹೊಲಿದ ಹೆಸರು:
ಇಲ್ಜೆ. ರೀಗಾ ಊರಿನವಳಂತೆ.
ಗಂಧಕ ನಾರಬೇಕಿತ್ತು, ತುಕ್ಕು ನಾರಿತು.
ಸೊಂಟದ ಮಟ್ಟಕ್ಕೆ ಗೆರೆ ಎಳೆದ ಹಾಗೆ ಕಂದು ಕಲೆ.
ಎರಡು ಸಲ ಸೋಡಾದಲ್ಲಿ ನೆನೆಹಾಕಿದೆ. ಬಿಡಲಿಲ್ಲ.

ಈ ಕಲೆ ನನಗೆ ಗೊತ್ತು.
ಅಮ್ಮ ತ್ಸಿಯಾಲಾ ಸೋವಿಯತ್ ಕಾಲದಲ್ಲಿ
ಒಂಬತ್ತನೇ ಕೊಳ ತಿಕ್ಕಿ ತೊಳೆಯುತ್ತಿದ್ದಳು;
ಸಾಯುವವರೆಗೂ ಅವಳ ಹಿಮ್ಮಡಿಯ ಬಿರುಕಿನಲ್ಲಿ ಇದೇ ಬಣ್ಣ.
ಒಂಬತ್ತನೇ ಕೊಳಕ್ಕೆ ಬೀಗ ಬಿದ್ದು ಮೂವತ್ತು ವರ್ಷ.
ಬಾಗಿಲಿಗೆ ಅಡ್ಡ ಹಲಗೆ.
ಹಲಗೆಗೆ ಹೊಸ ಮೊಳೆ.

'ಗುಣವಾಗಿ ಊರಿಗೆ ಹೋದಳು' ಎನ್ನುತ್ತದೆ ರಿಜಿಸ್ಟರು.
ಬೂಟು ಬಿಟ್ಟು ಹೋದಳೇ, ಈ ನವೆಂಬರಿನ ಕೆಸರಿನಲ್ಲಿ?
ಗೂಡಿನಲ್ಲಿ ಅವಳ ಜೋಡಿಯ ಹಿಂದೆ
ಬೇಸಿಗೆಯ ಗಂಡು ಚಪ್ಪಲಿ, ಯೋರಿಸನದು.
ಅದರ ಹಿಂದೆ ಅಲ್ಮಾಟಿಯ ಐದಾನಾಳ ಸವೆದ ಮೆಟ್ಟು.
ಹೊಲಿದ ಹೆಸರು ತಲೆ ಮರೆತರೂ ಬೆರಳು ಮರೆಯುವುದಿಲ್ಲ.

ಪೊಲೀಸ್ ಮೇಜರ್ ಬದ್ರಿಯ ಟವೆಲನ್ನೂ ಒಗೆಯುವವಳು ನಾನೇ,
ಪ್ರತಿ ಗುರುವಾರ, ಪುಕ್ಕಟೆ ಸ್ನಾನ.
ಅದಕ್ಕೇ ಸುಮ್ಮನಿದ್ದೆ.
ಮಗಳ ಕಾಲೇಜಿನ ಫೀಸು ಬಾಕಿಯಿತ್ತು,
ಅದಕ್ಕೂ ಸುಮ್ಮನಿದ್ದೆ.

ಭಾನುವಾರ ಡಾಕ್ಟರೇ ಮೆಟ್ಟಿಲಿಳಿದು ಬಂದರು.
ಎಂದೂ ಇಳಿದವರಲ್ಲ.
ಸೋಡಾ ಬಕೆಟ್ಟನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ.
"ಬೆನ್ನು ಬಾಗಿಹೋಗಿದೆಯಲ್ಲ. ದಣಿದಿದ್ದೀ ನೀನು"
ಎನ್ನುತ್ತ ಕೈಗಿಟ್ಟರು ಹೊಸಬರ ಪಟ್ಟಿ.
ಹತ್ತು ಹೆಸರು ಅಚ್ಚಿನಲ್ಲಿ, ನಾನು ಓದಲಾರದ ಲಿಪಿ,
ಚಿತ್ರದ ಹಾಗೆ ನೋಡಿ ಹೊಲಿಯುತ್ತೇನೆ.
ಹನ್ನೊಂದನೆಯದು ಮಾತ್ರ ಪೆನ್ನಿನಲ್ಲಿ,
ದ್ರಾಕ್ಷಿಬಳ್ಳಿಯಂತೆ ಸುರುಳುವ ನಮ್ಮದೇ ಅಕ್ಷರ:
ನಾಜಿಬ್ರೋಲಾ. ಕೋಣೆ ಏಳು.
"ಸಂಸ್ಥೆಯ ಉಡುಗೊರೆ" ಎಂದು ನಕ್ಕರು.

ನನ್ನ ಹೆಸರನ್ನು ನಾನೇ ಹೊಲಿಯಬೇಕು!
ಸೂಜಿಗೆ ನೂಲು ಪೋಣಿಸಲು ಆ ರಾತ್ರಿ ಆರು ಸಲ ಎಂಜಲು ಹಚ್ಚಿದೆ.
ಆಮೇಲೆ ಕೈ ನಡುಗಲಿಲ್ಲ.

ಸೋಮವಾರ. ಊಟದ ಕೋಣೆ.
ಹನ್ನೊಂದು ಬಿಳಿ ನಿಲುವಂಗಿ, ಹನ್ನೊಂದು ಬಟ್ಟಲು ಗಂಜಿ,
ಅದರಲ್ಲಿ ಒಂದು ನನ್ನದು.
ಮಾತಾಡುವಂತಿಲ್ಲದವರಿಗೆ ಕಣ್ಣಿಗೇನು ಕೆಲಸ?
ಎದುರಿನವರ ಕೊರಳು ಓದುವುದು.
ಇಲ್ಜೆ. ಯೋರಿಸ್. ಐದಾನಾ.
ಇಲ್ಜೆ. ಯೋರಿಸ್. ಐದಾನಾ.
ಪ್ರತಿ ಹೆಸರಿನ ಕೆಳಗೂ ಒಂದು ಕೆಂಪು ಒಂಬತ್ತು.

ಬಾಗಿಲ ಬಳಿ ಡಾಕ್ಟರು ತುಟಿಯ ಮೇಲೆ ಬೆರಳಿಟ್ಟರು.
ಎಲ್ಲೋ ಒಂದು ಚಮಚ ಬಿತ್ತು.
ಕಿಟಕಿಯ ಪಕ್ಕದ ಮುದುಕ ಗಂಟಲು ಸರಿಮಾಡಿಕೊಂಡ,
ಕೊರಳಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ,
"ಇದು ನನ್ನ ಹೆಸರಲ್ಲ" ಅಂದ.