ಶೀಷೆಯ ಮೇಲೆ ತಾರೀಖು

ಹತ್ತು ಲಕ್ಷಕ್ಕೆ ಒಬ್ಬರಿಗೆ, ಅಂದರು ಮೈಸೂರಿನ ಡಾಕ್ಟರು.
ಇಪ್ಪತ್ತು ವರ್ಷ ಮಾಕುಟ್ಟ ದಾಟಿ
ಲಾಟರಿ ಕೊಂಡವಳು ನಾನು;
ಒಮ್ಮೆಯೂ ಹತ್ತಿರ ಸುಳಿಯದ ನಂಬರು
ಈಗ ಬಂತು, ಹೊಟ್ಟೆಯೊಳಗೆ.
ನಕ್ಕೆ. ಅವರು ನಗಲಿಲ್ಲ.

ಅದರ ಹೆಸರು ಇನ್ನೂ ಬಾಯಿಗೆ ಹತ್ತಿಲ್ಲ.
ಚೀಟಿ ನೋಡಿ ಓದುತ್ತೇನೆ,
ನಡುವೆ ಒಮ್ಮೆ ಉಸಿರೆಳೆದುಕೊಂಡು.

ಔಷಧಿ ಬರಬೇಕು. ಬಂದ ದಿನ ಫೋನು ಮಾಡುತ್ತಾರಂತೆ.
ನಾಪೋಕ್ಲಿನ ನಮ್ಮ ಓಣಿಗೆ ಸಿಗ್ನಲ್ ಇರುವುದು
ಸೀಬೆಮರದ ಎರಡನೇ ಕವಲಿನಲ್ಲಿ ಮಾತ್ರ.
ಹಾಲಿನ ಕವರಿನಲ್ಲಿ ಫೋನು ಕಟ್ಟಿ ತೂಗಿಬಿಟ್ಟಿದ್ದಾನೆ ಉತ್ತಯ್ಯ.
ರಿಂಗಾದರೆ ಅವನೇ ಓಡುತ್ತಾನೆ, ಒಂದೇ ಚಪ್ಪಲಿಯಲ್ಲಿ.
ನಿನ್ನೆ ಗ್ಯಾಸಿನವರು. ಮೊನ್ನೆ ಸಾಲ ಬೇಕೇ ಅಂತ ಯಾರೋ ಒಬ್ಬಳು.
ಧೈರ್ಯವಾಗಿರು ಅನ್ನಲು ಮೂವರು.

ಧೈರ್ಯ ಎಲ್ಲಿಟ್ಟಿದ್ದೇನೋ ಗೊತ್ತಿಲ್ಲ, ಬೀಪಾತು,
ನೀನು ತಂದ ಎರಡು ಬುಟ್ಟಿ ಪಣಪುಳಿ ಇದೆ.
ರಾಶಿ ಹಾಕಿದ್ದೇನೆ, ಕೆಳಗೆ ಪಾತ್ರೆ.
ತನ್ನಷ್ಟಕ್ಕೆ ಬಸಿಯಬೇಕು ಅದು,
ಹಿಂಡಿದರೆ ಕೆಟ್ಟಿತು ಅನ್ನುತ್ತಿದ್ದಳು ಅವ್ವ.
ರಾತ್ರಿ ನೋವಿಗೆ ಎಚ್ಚರಾದಾಗ ಕೇಳುತ್ತದೆ:
ತೊಟ್ಟು.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಇನ್ನೊಂದಕ್ಕೆ ಕಾಯುತ್ತಾ ನಿದ್ದೆ ಹೋದದ್ದುಂಟು,
ಹೋಗದೆ ಅತ್ತದ್ದೂ ಉಂಟು.

ಇವತ್ತು ಕುದಿಸಿ ಇಳಿಸಿದೆ, ಕಪ್ಪಗೆ, ಮಂದಕ್ಕೆ.
ಒಂಬತ್ತು ಶೀಷೆ.
ಇಷ್ಟೊಂದು ಯಾರಿಗೆ, ಅಂದ ಉತ್ತಯ್ಯ;
ಅಂದಮೇಲೆ ತುಟಿ ಕಚ್ಚಿಕೊಂಡ.
ಹತ್ತು ವರ್ಷ ಇಟ್ಟರೂ ಕೆಡದು ಕಾಚಂಪುಳಿ,
ಹಂದಿಕರಿ ಮಾಡುವವಳು ನಾನಲ್ಲವೇ, ಅಂದೆ.
ಚೀಟಿಗೆ ಅಂಟು ಹಚ್ಚಿ ತಾರೀಖು ಬರೆದೆ,
ಏಳನೆಯದರಲ್ಲಿ ಕೈ ನಡುಗಿ ಇಸವಿ ಸೊಟ್ಟಗಾಯಿತು.
ಬುಟ್ಟಿ ತೊಳೆದು ಕವುಚಿಟ್ಟೆ, ಬರುವ ವರ್ಷಕ್ಕೆ.

ಸೀಬೆಮರದಲ್ಲಿ ರಿಂಗಾಗುತ್ತಿದೆ.
ಗ್ಯಾಸಿನವರೇ ಇರಬೇಕು.
ಅವನ ಇನ್ನೊಂದು ಚಪ್ಪಲಿ ಇಲ್ಲೇ, ನನ್ನ ಕಾಲ ಬಳಿ.